ಬೋದಿಗೆಯಿಂದ ಭುವನೇಶ್ವರಿಯವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಕಾವೇರಿಯ ಸೇತುವೆಯನ್ನೇರಿದೊಡನೆ ಡಬ್ಬಿಯೊಳಗೆ ಸಣ್ಣದೊಂದು ಸಂಚಲನವುಂಟಾಗುತ್ತದೆ. ಹಿರಿಯರು ರಂಗನಾಥನ ಗೋಪುರದ ಕಡೆಗೆ ತಿರುಗಿ ಕೈಮುಗಿಯುತ್ತಾರೆ. ಕಿರಿಯರು ಕಿಟಕಿಯ ಸರಳುಗಳ ನಡುವೆ ಮೊಬೈಲ್ ಫೋನನ್ನು ಚಾಚಿ ಚಿತ್ರ ತೆಗೆಯುತ್ತಾರೆ. ಹೀಗೆ ಒಂದೇ ದಿನದಲ್ಲಿ ಈ ದ್ವೀಪದ ಚಿತ್ರಗಳು ಎಷ್ಟು ಜೇಬುಗಳನ್ನು ಸೇರುತ್ತವೆಯೋ ಲೆಕ್ಕವಿಟ್ಟವರಿಲ್ಲ. ಆದರೆ ಆ ಚಿತ್ರದಲ್ಲಿರುವುದನ್ನು ಹೆಸರಿಟ್ಟು ಕರೆಯೆಂದರೆ ತೆಗೆದವನ ಬಾಯಿ ಕಟ್ಟುತ್ತದೆ. ಕಂಬ ‘ಪಿಲ್ಲರ್’ ಆಗುತ್ತದೆ, ಒಳಛಾವಣಿ ‘ಸೀಲಿಂಗ್’ ಆಗುತ್ತದೆ, ಶಿಖರ ‘ಟವರ್’ ಆಗುತ್ತದೆ; ಉಳಿದುದೆಲ್ಲಕ್ಕೂ ‘ಡಿಸೈನ್’ ಎಂಬ ಒಂದೇ ಮಾತು. ಬಳ್ಳಿಯೂ ಡಿಸೈನ್, ಮಕರವೂ ಡಿಸೈನ್, ಹಂಸಗಳ ಸಾಲೂ ಡಿಸೈನ್.

ಕಲೆಯ ಮಾತುಗಳನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕೆನ್ನುವ ಅಧ್ಯಾಪಕನಿಗೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಬೇಲೂರು, ಹಳೆಯಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅಲ್ಲಿಗೆ ಹೋದವರಿಗೆ ಮಾರ್ಗದರ್ಶಕರುಂಟು, ಪುಸ್ತಕಗಳುಂಟು. ಹೊಸಹೊಳಲಿಗೂ ಗೋವಿಂದನಹಳ್ಳಿಗೂ ಹೋದವನಿಗೆ ಆ ಸೌಕರ್ಯ ಕಡಿಮೆ. ಅಲ್ಲಿ ನೋಡುವವನೇ ಮಾತನ್ನು ಹುಡುಕಿಕೊಳ್ಳಬೇಕು. ಕೈಯಲ್ಲಿರುವ ಫೋನು ಆ ಹುಡುಕಾಟಕ್ಕೆ ಎಷ್ಟರಮಟ್ಟಿಗೆ ನೆರವಾದೀತು, ಎಲ್ಲಿ ಕೈಕೊಟ್ಟೀತು ಎಂಬುದನ್ನು ಊರಿಂದೂರಿಗೆ ನಡೆದು ನೋಡುವುದು ಸ್ವಾರಸ್ಯವಾದ ಕೆಲಸ.

ಮೊದಲು ಶ್ರೀರಂಗಪಟ್ಟಣ. ಕೋಟೆಯ ಹೊರಗೆ, ಗಂಜಾಮಿಗೆ ಹೋಗುವ ದಾರಿಯಲ್ಲಿ, 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ದರಿಯಾ ದೌಲತ್ ಇದೆ. ಬಿಸಿಲು ತಾಗದಂತೆ ಇಳಿಬಿಟ್ಟ ಹಸಿರು ಪರದೆಗಳ ಹಿಂದಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ನಡೆಯುತ್ತಲೇ ಇದೆ. ಆಂಗ್ಲ ಸೈನ್ಯ ಚೌಕವಾಗಿ ನಿಂತಿದೆ. ಮದ್ದಿನ ಬಂಡಿ ಸಿಡಿದಿದೆ. ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಟಿಪ್ಪು ಹೂವೊಂದನ್ನು ಮೂಸುತ್ತ ಕುದುರೆಯ ಮೇಲೆ ಸಾಗಿದ್ದಾನೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಐರೋಪ್ಯ ನಿಯಮ ಇಲ್ಲಿ ನಡೆಯುವುದಿಲ್ಲ. ಹಿರಿಯನಾದವನು ಎಲ್ಲಿ ನಿಂತರೂ ಹಿರಿದಾಗಿಯೇ ಕಾಣುತ್ತಾನೆ. ಸೈನಿಕರು ಸಾಲುಸಾಲಾಗಿ ಒಬ್ಬರ ಮೇಲೊಬ್ಬರಂತೆ ಏರಿ ನಿಲ್ಲುತ್ತಾರೆ.

ಮಬ್ಬು ಬೆಳಕಿನಲ್ಲಿ, ಮುಟ್ಟಬಾರದಷ್ಟು ದೂರದಲ್ಲಿ ನಿಂತವನಿಗೆ ಇದರ ಅರ್ಧಭಾಗ ಕಾಣದೆ ಹೋಗುತ್ತದೆ. ಒಳ್ಳೆಯ ಛಾಯಾಚಿತ್ರವೊಂದನ್ನು ತರಗತಿಯ ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ಒಂದೊಂದು ಮೀಸೆಯೂ ಬೇರೆಯಾಗಿ ತೋರುತ್ತದೆ. ರೇಖೆ, ಮೈಬಣ್ಣ, ಛಾಯೆ, ಅಂಚು, ಹಿನ್ನೆಲೆ ಎಂಬ ಮಾತುಗಳನ್ನು ಕಲಿಸಲು ಇದು ಸಾಕು. ಭಿತ್ತಿಚಿತ್ರವೆಂಬ ಮಾತು ಮಾತ್ರ ಅಲ್ಲಿಗೇ ಹೋಗಿ ಕಲಿಯತಕ್ಕದ್ದು. ಗೋಡೆಯೊಂದು ಪಟವಾಗಿಬಿಟ್ಟಾಗ ಎಷ್ಟು ದೊಡ್ಡದಾಗಿರುತ್ತದೆಂಬುದನ್ನು ಅಂಗೈಯಗಲದ ಗಾಜು ತೋರಿಸಲಾರದು. ಇನ್ನೊಂದು ತೊಡಕೂ ಉಂಟು. ಈ ಚಿತ್ರ ಒಮ್ಮೆ ಅಳಿಸಿಹೋಗಿ, ಡಾಲ್‌ಹೌಸಿಯ ಆಜ್ಞೆಯಂತೆ 1855ರ ಸುಮಾರಿಗೆ, ಮೂಲವನ್ನು ನೆನಪಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಕಾರನಿಂದ ಮತ್ತೆ ಬರೆಯಿಸಲ್ಪಟ್ಟಿತು. ನಾವು ನೋಡುವ ಗೆರೆ ಯಾವುದು 1784ರದು, ಯಾವುದು 1855ರದು? ಹಿಗ್ಗಿಸಿದಷ್ಟೂ ಗೆರೆ ಸ್ಪಷ್ಟವಾಗುತ್ತದೆಯೇ ಹೊರತು ಅದರ ವಯಸ್ಸಲ್ಲ. ಜೀರ್ಣೋದ್ಧಾರವೆಂಬ ಮಾತಿನ ಪೂರ್ಣಾರ್ಥ ವಿದ್ಯಾರ್ಥಿಗೆ ಹೊಳೆಯುವುದು ಈ ಗೋಡೆಯ ಮುಂದೆಯೇ.

ಮೈಸೂರು ಶೈಲಿಯ ಚಿತ್ರಕಲೆಯ ತೊಟ್ಟಿಲೂ ಈ ಪಟ್ಟಣವೇ. 1565ರಲ್ಲಿ ವಿಜಯನಗರ ಕೆಟ್ಟ ಮೇಲೆ ಚದುರಿಹೋದ ಚಿತ್ರಕಾರರಲ್ಲಿ ಕೆಲವರು, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರ ಆಶ್ರಯವನ್ನು ಪಡೆದರು. ಬಿಳಿ ಸೀಸದ ಪುಡಿ, ರೇವಲಚಿನ್ನಿ ಹಾಲು, ಅಂಟು ಇವನ್ನು ಕಲಸಿ ಉಬ್ಬುಗೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುವುದು ಆ ಶೈಲಿಯ ಹೆಗ್ಗುರುತು. ಇದನ್ನು ಪರದೆಯ ಮೇಲೆ ನೋಡಿದವನಿಗೆ ಚಿನ್ನವೆಂದರೆ ಹಳದಿ ಬಣ್ಣ. ಪಟವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಓರೆಮಾಡಿದವನಿಗೆ ಅದು ಮಿಂಚು. ಉಬ್ಬು ಎಂಬ ಮಾತು ಕಣ್ಣಿಗಿಂತ ಬೆರಳಿಗೆ ಹೆಚ್ಚು ಸಂಬಂಧಪಟ್ಟದ್ದೆಂದು ಆಗ ತಿಳಿಯುತ್ತದೆ.

ಪಟ್ಟಣವನ್ನು ಬಿಡುವ ಮುನ್ನ ರಂಗನಾಥ ದೇವಾಲಯದ ಎರಡು ಕಂಬಗಳನ್ನು ನೋಡದೆ ಹೋಗಬಾರದು. ಅವುಗಳ ಮೈಮೇಲೆ ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳಿವೆ. ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಮನೆಯ ಅಜ್ಜಂದಿರು ಆಚಮನ ಮಾಡುವಾಗ ಹೇಳುವ ಹೆಸರುಗಳೇ ಇವು. ಎಲ್ಲ ಮೂರ್ತಿಗಳೂ ಒಂದೇ ಬಗೆಯಾಗಿ ನಿಂತಿವೆ. ಎಲ್ಲಕ್ಕೂ ನಾಲ್ಕು ಕೈ. ಎಲ್ಲರ ಕೈಯಲ್ಲಿಯೂ ಶಂಖ, ಚಕ್ರ, ಗದೆ, ಪದ್ಮ. ಹಾಗಾದರೆ ಬೇರೆ ಬೇರೆ ಹೆಸರೇಕೆ? ಯಾವುದು ಯಾವ ಕೈಯಲ್ಲಿದೆ ಎಂಬುದರಲ್ಲಿಯೇ ಗುಟ್ಟು. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಇಪ್ಪತ್ತನಾಲ್ಕು ಬಗೆಯಾಗಿ ಮಾತ್ರ ಇಡಬಹುದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೈಸ್ಕೂಲಿನ ಗಣಿತ ಬಲ್ಲ ಹುಡುಗನಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಪ್ರಸಿದ್ಧವಾದ ಒಂದು ಕ್ರಮದಂತೆ ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ, ಕೆಳಗಿನ ಬಲಗೈಯಲ್ಲಿ ಪದ್ಮವಿದ್ದರೆ ಅವನು ಕೇಶವ. ಫೋನಿನಲ್ಲಿ ಒಂದು ಕೋಷ್ಟಕವನ್ನು ಮಾಡಿಕೊಂಡು, ಕಂಬದ ಸುತ್ತ ತಿರುಗುತ್ತ ಒಂದೊಂದೇ ಹೆಸರನ್ನು ತುಂಬುವ ಆಟಕ್ಕೆ ಮಕ್ಕಳು ಊಟವನ್ನೂ ಮರೆತಾರು. ಗ್ರಂಥದಿಂದ ಗ್ರಂಥಕ್ಕೆ ಈ ಕ್ರಮ ಕೊಂಚ ಬದಲಾಗುವುದರಿಂದ ಜಗಳಕ್ಕೂ ಅವಕಾಶವುಂಟು. ಪಾಠಕ್ಕೆ ಅದೂ ಒಳ್ಳೆಯದೇ.

ಪಾಂಡವಪುರದ ಹೆಸರೇ ಒಂದು ಚಿಕ್ಕ ನಿಘಂಟು. ಹಿಂದೆ ಅದು ಹಿರೋಡೆ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿದ್ದರಿಂದ ಆಂಗ್ಲರ ಬಾಯಲ್ಲಿ ಫ್ರೆಂಚ್ ರಾಕ್ಸ್, ಈಗ ಪಾಂಡವಪುರ. ತಾಲ್ಲೂಕಿನ ಕಲೆಯೆಲ್ಲ ಮೇಲುಕೋಟೆಯ ಬೆಟ್ಟವನ್ನೇರಿ ಕುಳಿತಿದೆ. ಅಲ್ಲಿ ಚೆಲುವನಾರಾಯಣನ ದರ್ಶನ, ಕಲ್ಯಾಣಿಯ ಮೆಟ್ಟಿಲು, ಪುಳಿಯೋಗರೆ ಇವುಗಳನ್ನು ಮುಗಿಸಿಕೊಂಡು ಇಳಿದುಬರುವವರೇ ಬಹುಮಂದಿ. ಪಾಠಕ್ಕೆ ಒದಗುವುದು ರಾಯಗೋಪುರ. ಅದು ಗೋಪುರವಾಗಲೇ ಇಲ್ಲ. ಎತ್ತರವಾದ ಕಂಬಗಳು ನಿಂತಿವೆ, ಮೇಲಿನ ಕಟ್ಟಡ ಬರಲೇ ಇಲ್ಲ. ಮುಗಿದ ದೇವಾಲಯದಲ್ಲಿ ಕಣ್ಣು ಅಲಂಕಾರದಲ್ಲಿ ಸಿಕ್ಕಿಕೊಳ್ಳುತ್ತದೆ. ಮುಗಿಯದ ಕಟ್ಟಡದಲ್ಲಿ ಯಾವ ಕಲ್ಲು ಯಾವ ಕಲ್ಲನ್ನು ಹೊತ್ತಿದೆಯೆಂಬುದು ನೇರವಾಗಿ ಕಾಣುತ್ತದೆ. ಈ ಬೆಟ್ಟದ ಮೇಲಿನ ಸಂಸ್ಕೃತ ಸಂಶೋಧನ ಸಂಸತ್ತು, ಗಣಕಯಂತ್ರವೆಂದರೆ ಪಟ್ಟಣದ ಜನರೂ ಬೆರಗಾಗುತ್ತಿದ್ದ ಕಾಲದಲ್ಲಿಯೇ ಅದಕ್ಕೆ ಸಂಸ್ಕೃತ ವ್ಯಾಕರಣವನ್ನು ಕಲಿಸಹೊರಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಯಂತ್ರಕ್ಕೂ ಶಾಸ್ತ್ರಕ್ಕೂ ಹಗೆಯಿಲ್ಲ.

ಕೃಷ್ಣರಾಜಪೇಟೆಯ ಮಗ್ಗುಲಲ್ಲಿಯೇ ಹೊಸಹೊಳಲು. ಸುಮಾರು 1250ರಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಎದ್ದ ಲಕ್ಷ್ಮೀನಾರಾಯಣ ದೇವಾಲಯ ಅಲ್ಲಿದೆ. ನಾಲ್ಕು ತಾಲ್ಲೂಕುಗಳ ಪ್ರವಾಸದಲ್ಲಿ ಒಂದೇ ದಿನವಿದ್ದರೆ ಆ ದಿನವನ್ನು ಇಲ್ಲಿಯೇ ಕಳೆಯತಕ್ಕದ್ದು. ದೇವಾಲಯವು ಜಗತಿಯ ಮೇಲೆ ನಿಂತಿದೆ. ಜಗತಿಯೆಂದರೆ ಲೋಕವೆಂದು ಪದ್ಯಪಾಠದಲ್ಲಿ ಕಲಿತ ಹುಡುಗಿ, ಇಲ್ಲಿ ಅದರ ಮೇಲೆ ಕಾಲಿಟ್ಟು ಪ್ರದಕ್ಷಿಣೆ ಬರುತ್ತಾಳೆ. ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದಿವೆ. ಕೆಳಗಿನಿಂದ ಎಣಿಸಿದರೆ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಭಾರವಾದುದು ಕೆಳಗೆ, ಹಗುರವಾದುದು ಮೇಲೆ. ಆನೆ ಹೊರುತ್ತದೆ, ಹಂಸ ಹಾರುತ್ತದೆ. ರಾಮಾಯಣ, ಭಾರತ, ಭಾಗವತಗಳ ಕಥೆಗಳು ನಡುವೆ ಸಾಗುತ್ತವೆ.

ಫೋನಿನ ದೀಪ ತನ್ನ ನಿಜವಾದ ಉಪಯೋಗವನ್ನು ತೋರುವುದು ಇಂಥ ಕಡೆ. ಶಿಲ್ಪದ ಎದುರಿಗೆ ನಿಂತು ದೀಪ ಹಿಡಿದರೆ ಕಲ್ಲು ಚಪ್ಪಟೆಯಾಗಿಬಿಡುತ್ತದೆ. ಅದೇ ದೀಪವನ್ನು ಪಕ್ಕದಿಂದ, ಗೋಡೆಗೆ ಒರಗಿದಂತೆ ಹಿಡಿದರೆ ಉಳಿ ಹೋದ ದಾರಿಯೆಲ್ಲ ನೆರಳಾಗಿ ಎದ್ದು ನಿಲ್ಲುತ್ತದೆ. ಶಾಸನಗಳ ಸವೆದ ಅಕ್ಷರಗಳನ್ನು ಓದುವವರು ಬಹುಕಾಲದಿಂದ ಅನುಸರಿಸುತ್ತಿರುವ ಉಪಾಯವಿದು. ಉಬ್ಬು, ತಗ್ಗು, ಕೊರೆತ, ಕಂಡರಣೆ ಎಂಬ ಮಾತುಗಳ ಅಂತರವನ್ನು ಕಪ್ಪು ಹಲಗೆಯ ಮೇಲೆ ಗಂಟೆಗಟ್ಟಲೆ ವಿವರಿಸುವುದಕ್ಕಿಂತ ಹೀಗೆ ಒಮ್ಮೆ ಬೆಳಕನ್ನು ಓರೆಯಾಗಿ ಹಾಯಿಸುವುದು ಲೇಸು.

ಒಳಗೆ ನವರಂಗ. ನಾಲ್ಕು ಕಂಬಗಳು ನೆಲವನ್ನು ಒಂಬತ್ತು ಅಂಕಣಗಳಾಗಿ ವಿಂಗಡಿಸುವುದರಿಂದ ಆ ಹೆಸರು. ಕಂಬಗಳನ್ನು ತಿರುಗಣೆಯಲ್ಲಿ ಕಡೆದು, ಮುಖ ಕಾಣುವಂತೆ ನಯಗೊಳಿಸಿದ್ದಾರೆ. ‘ಕಡೆ’ ಎಂಬ ಧಾತುವನ್ನು ಗಮನಿಸಬೇಕು: ಮನೆಯಲ್ಲಿ ತಾಯಿ ಮಜ್ಜಿಗೆಯನ್ನು ಕಡೆಯುತ್ತಾಳೆ, ಇಲ್ಲಿ ಶಿಲ್ಪಿ ಕಲ್ಲನ್ನು ಕಡೆದಿದ್ದಾನೆ. ತಲೆಯೆತ್ತಿದರೆ ಭುವನೇಶ್ವರಿ, ಎಂದರೆ ಗುಮ್ಮಟದಂತೆ ಒಳಕ್ಕೆ ಏರಿಹೋಗುವ ಕೆತ್ತನೆಯ ಒಳಛಾವಣಿ. ಅದರ ನಡುವೆ ಬಾಳೆಯ ಮೂತಿಯಂತೆ ಇಳಿಬಿದ್ದ ಮೊಗ್ಗು. ಕತ್ತು ನೋಯುವತನಕ ನೋಡುವುದಕ್ಕಿಂತ ಫೋನನ್ನು ಅಂಗಾತ ನೆಲದ ಮೇಲಿರಿಸಿ ಚಿತ್ರ ತೆಗೆದರೆ ಛಾವಣಿಯೇ ಅಂಗೈಗೆ ಇಳಿದುಬರುತ್ತದೆ. ಈ ಸೂಕ್ಷ್ಮವಾದ ಕೆಲಸಕ್ಕೆಲ್ಲ ಒದಗಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಡುಸು. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ತಲೆಮಾರಿನವರಿಗೆ ಬಳಪವೇನೆಂದು ಹೇಳಬೇಕಾಗಿಲ್ಲ. ಬೆರಳಿನಿಂದ ಗಾಜಿನ ಮೇಲೆ ಬರೆಯುವ ಮಕ್ಕಳಿಗೆ ಹೇಳಬೇಕು. ಹೇಳುವಾಗ ಒಂದು ತುಂಡು ಬಳಪವನ್ನು ಜೇಬಿನಲ್ಲಿ ಒಯ್ದಿದ್ದರೆ ಚೆನ್ನು.

ಇನ್ನು ಶುಕನಾಸಿಯ ವಿಚಾರ. ಕನ್ನಡನಾಡಿನ ರೂಢಿಯಲ್ಲಿ ಗರ್ಭಗೃಹಕ್ಕೂ ನವರಂಗಕ್ಕೂ ನಡುವಣ ಕಿರುಕೋಣೆಗೆ ಶುಕನಾಸಿಯೆಂದು ಹೆಸರು, ಸುಕನಾಸಿಯೆಂದೂ ಬರೆಯುವರು. ಶಿಲ್ಪಶಾಸ್ತ್ರದ ಕೆಲವು ಗ್ರಂಥಗಳಲ್ಲಿಯಾದರೋ ಶುಕನಾಸವೆಂದರೆ ಶಿಖರದಿಂದ ಮುಂದಕ್ಕೆ, ಗಿಣಿಯ ಮೂಗಿನಂತೆ ಚಾಚಿಕೊಂಡ ಭಾಗ. ಅಂತರ್ಜಾಲದಲ್ಲಿ ಈ ಮಾತನ್ನು ಹುಡುಕಿದ ವಿದ್ಯಾರ್ಥಿಗೆ ಒಮ್ಮೆ ಕೋಣೆ ಸಿಗುತ್ತದೆ, ಒಮ್ಮೆ ಮೂಗು ಸಿಗುತ್ತದೆ, ಅವನು ಕಕ್ಕಾಬಿಕ್ಕಿಯಾಗುತ್ತಾನೆ. ಹೊಸಹೊಳಲಿನಲ್ಲಿ ಈ ಗೊಂದಲ ಅರೆಗಳಿಗೆಯಲ್ಲಿ ತೀರುತ್ತದೆ. ಇದು ತ್ರಿಕೂಟ, ಮೂರು ಗರ್ಭಗೃಹಗಳುಳ್ಳದ್ದು. ಆದರೆ ನಡುವಣ ಗರ್ಭಗೃಹಕ್ಕೆ ಮಾತ್ರ ಶಿಖರವುಂಟು, ಅದಕ್ಕೆ ಮಾತ್ರ ಮುಂಗೋಣೆಯುಂಟು. ಆ ಮುಂಗೋಣೆಯ ನೆತ್ತಿಯ ಮೇಲೆಯೇ ಶಿಖರದ ಮೂಗು ಕುಳಿತಿದೆ. ಮೇಲಿನದರ ಹೆಸರು ಕೆಳಗಿನದಕ್ಕೆ ಇಳಿದುಬಂದ ಬಗೆಯನ್ನು ನಿಂತಲ್ಲೇ ಕಾಣಬಹುದು. ಪರದೆ ಎರಡು ಉತ್ತರ ಕೊಟ್ಟಿತು. ಕಟ್ಟಡ ಎರಡನ್ನೂ ಒಂದರ ಮೇಲೊಂದಿಟ್ಟು ತೋರಿಸಿತು.

ಭಾಷಾಂತರ ಯಂತ್ರದ ಅವಾಂತರಗಳನ್ನು ಹೇಳಹೊರಟರೆ ಅದೇ ಒಂದು ಹರಟೆಯಾದೀತು. ಆಂಗ್ಲ ಪುಸ್ತಕದಲ್ಲಿ ಕಂಬದ ‘ಕ್ಯಾಪಿಟಲ್’ ಎಂದಿರುವುದು ಯಂತ್ರದ ಕೈಗೆ ಸಿಕ್ಕಿ ‘ರಾಜಧಾನಿ’ಯಾಗಿಯೋ ‘ಬಂಡವಾಳ’ವಾಗಿಯೋ ಹೊರಬಂದರೆ ಆಶ್ಚರ್ಯವಿಲ್ಲ. ಅದಕ್ಕೆ ಸರಿಯಾದ ಕನ್ನಡ ಮಾತು ಬೋದಿಗೆ. ಕಿಟ್ಟೆಲರ 1894ರ ನಿಘಂಟಿನಲ್ಲಿಯೇ ಇದೆ. ವಿ. ಕೃಷ್ಣ ಅವರು ಹಲವು ದಶಕಗಳ ಶ್ರಮದಿಂದ ಕಟ್ಟಿದ ‘ಅಲರ್’ ನಿಘಂಟನ್ನು ಈಗ ಯಾರು ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿಗೆ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತಿದ್ದುದು ಶ್ರೀರಂಗಪಟ್ಟಣದ ಮಗ್ಗುಲಿನ ಇದೇ ಗಂಜಾಮನ್ನು. ಹೀಗಿರುವಾಗ ಮಾತಿಗೆ ಬರವಿಲ್ಲ. ಹುಡುಕುವವನಿಗೆ ಹುಡುಕಬೇಕಾದ ಮಾತು ಮೊದಲೇ ಗೊತ್ತಿರಬೇಕೆಂಬುದೇ ತೊಂದರೆ. ಬೋದಿಗೆಯೆಂಬ ಮಾತನ್ನು ಕೇಳಿಯೇ ಇಲ್ಲದವನು ನಿಘಂಟಿನ ಯಾವ ಪುಟವನ್ನು ತೆರೆದಾನು?

ಆ ಮಾತನ್ನು ಕೇಳಿದವರು ದೂರವೇನೂ ಇಲ್ಲ. ಈ ಸೀಮೆಯ ಹಳೆಯ ತೊಟ್ಟಿಮನೆಗಳ ಮರದ ಕಂಬಗಳ ಮೇಲೆ ಬೋದಿಗೆಯಿದೆ, ಬೋದಿಗೆಯ ಮೇಲೆ ತೊಲೆಯಿದೆ, ತೊಲೆಯ ಮೇಲೆ ಜಂತೆಯಿದೆ. ಕಲ್ಲಿನ ದೇವಾಲಯದಲ್ಲಿರುವುದೂ ಅದೇ ಏರ್ಪಾಡು. ಅಂಥ ಮನೆಯಲ್ಲಿ ಬಾಳಿದ ಅಜ್ಜಿಗೆ, ಅದನ್ನು ಕಟ್ಟಿದ ಬಡಗಿಗೆ, ಕಾಲೇಜಿನ ಹುಡುಗ ಪರೀಕ್ಷೆಗಾಗಿ ಉರುಹೊಡೆಯುವ ಮಾತುಗಳು ದಿನಬಳಕೆಯವು. ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಸಿಮೆಂಟಿನ ತಾರಸಿಗೆ ಬೋದಿಗೆ ಬೇಡ. ವಸ್ತು ಹೋದ ಮೇಲೆ ಮಾತು ಬಹಳ ದಿನ ನಿಲ್ಲುವುದಿಲ್ಲ. ಆದುದರಿಂದ ವಿದ್ಯಾರ್ಥಿಯ ಫೋನು ದೇವಾಲಯದ ಚಿತ್ರವನ್ನು ತೆಗೆಯುವುದರ ಜೊತೆಗೆ ಬಡಗಿಯ ಧ್ವನಿಯನ್ನೂ ಹಿಡಿದಿಟ್ಟುಕೊಳ್ಳಬೇಕು. ಚಿತ್ರದ ಮೇಲೆ ಬೆರಳಿನಿಂದ ಬಾಣದ ಗುರುತು ಹಾಕಿ, ಪಕ್ಕದಲ್ಲಿ ಅವನು ಹೇಳಿದ ಮಾತನ್ನು ಅವನು ಹೇಳಿದಂತೆಯೇ ಬರೆದಿಟ್ಟರೆ, ಅಚ್ಚಾದ ಯಾವ ನಿಘಂಟೂ ಮಾಡಲಾರದ ಕೆಲಸ ಆದಂತಾಯಿತು. ಇದಕ್ಕೆ ಬೇಕಾದ ಸಲಕರಣೆ ಇಂದು ಬಹುತೇಕ ಮನೆಗಳಲ್ಲಿದೆ. ಬೇಕಾಗಿರುವುದು ಒಂದು ಭಾನುವಾರ.

ಕೃಷ್ಣರಾಜಪೇಟೆಯಿಂದ ಉತ್ತರಕ್ಕೆ ಸಾಗಿದರೆ ಕಿಕ್ಕೇರಿ. ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರೆಂದು ಇದು ಮನೆಮನೆಗೂ ಪರಿಚಿತ. ಅಲ್ಲಿನ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಹೆಂಗಸು ಕಟ್ಟಿಸಿದಳು. ಕಂಬದ ತುದಿಯಲ್ಲಿ ಓರೆಯಾಗಿ ಒರಗಿ ನಿಂತ ಮದನಿಕೆಯರನ್ನು ನೋಡಲು ಇಲ್ಲಿಗೆ ಬರಬೇಕು.

ಸಮೀಪದ ಗೋವಿಂದನಹಳ್ಳಿಯಲ್ಲಿ, ಸುಮಾರು 1238ರ ಪಂಚಲಿಂಗೇಶ್ವರ ದೇವಾಲಯವಿದೆ. ಐದು ಗರ್ಭಗೃಹಗಳು ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತಿವೆ. ಹೊಯ್ಸಳರಲ್ಲಿ ಇದು ವಿರಳ. ಇಲ್ಲಿ ಕೆಲಸ ಮಾಡಿದವನೆಂದು ಪ್ರಸಿದ್ಧನಾದವನು ರೂವಾರಿ ಮಲ್ಲಿತಮ್ಮ. ಅವನ ಹೆಸರು ಸೋಮನಾಥಪುರದ ಶಿಲ್ಪಗಳ ಕೆಳಗೂ ಇದೆ. ‘ರೂವಾರಿ’ ಎಂಬ ಮಾತು ಇಂದಿನ ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ವೃತ್ತಪತ್ರಿಕೆಯಲ್ಲಿ ದಿನವೂ ಓದುತ್ತಾನೆ. ಅಣೆಕಟ್ಟಿನ ರೂವಾರಿ, ಒಪ್ಪಂದದ ರೂವಾರಿ, ಕೆಲವೊಮ್ಮೆ ಕಳ್ಳತನದ ರೂವಾರಿ. ಮೂಲದಲ್ಲಿ ಅದು ರೂಪಕಾರಿ, ರೂಪವನ್ನು ಮಾಡುವವನು, ಶಿಲ್ಪಿ. ಎಂಟುನೂರು ವರ್ಷಗಳ ಹಿಂದೆ ಉಳಿ ಹಿಡಿದವನ ಬಿರುದಾಗಿದ್ದ ಮಾತು ಇಂದು ಉಳಿಯನ್ನೇ ಮುಟ್ಟದವರ ಪಾಲಾಗಿದೆ. ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಳೆಯ ಸಂಪುಟಗಳು ಇಂದು ಅಂತರ್ಜಾಲದಲ್ಲಿ ಪುಟಪುಟವಾಗಿ ದೊರೆಯುತ್ತವೆ. ಅವುಗಳಲ್ಲಿ ಈ ಒಂದು ಮಾತನ್ನು ಹುಡುಕಿ ಪಟ್ಟಿ ಮಾಡೆಂದು ವಿದ್ಯಾರ್ಥಿಗೆ ಹೇಳಿದರೆ, ಶಬ್ದಾರ್ಥದ ಜೊತೆಗೆ ಹೆಸರುಳಿಸಿಕೊಂಡ ಕೆಲಸಗಾರರ ಒಂದು ಮೆರವಣಿಗೆಯೇ ಅವನ ಕಣ್ಣಮುಂದೆ ಹಾದುಹೋಗುತ್ತದೆ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಜೈನರ ಕ್ಷೇತ್ರ. ಊರಿಗೆ ಹೆಸರನ್ನು ಕೊಟ್ಟ ಬ್ರಹ್ಮದೇವರ ಕಂಬ ಈಗಲೂ ನಿಂತಿದೆ. ಗಂಗರ ಕಾಲದ ಪಂಚಕೂಟ ಬಸದಿಯ ಶಿಖರಗಳಲ್ಲಿ ಒಂದು ಚೌಕ, ಒಂದು ದುಂಡು, ಒಂದು ಎಂಟುಮೂಲೆ. ಶಾಸ್ತ್ರಕಾರರು ಇವುಗಳಿಗೆ ದೊಡ್ಡ ದೊಡ್ಡ ಹೆಸರುಗಳನ್ನಿಟ್ಟು ವಾದಿಸಿದ್ದಾರೆ. ಮಕ್ಕಳಿಗೆ ಮೊದಲು ಆಕಾರ ಸಾಕು. ಕಾಗದದ ಮೇಲೆ ಮೂರನ್ನೂ ಬರೆದು ನೋಡಲಿ. ಹೆಸರು ಆಮೇಲೆ ತಾನಾಗಿ ಬಂದು ಕೂರುತ್ತದೆ.

ನಾಗಮಂಗಲದ ಪೇಟೆಯಲ್ಲಿ ಸೌಮ್ಯಕೇಶವನ ದೇವಾಲಯವಿದೆ. ಊರು ಹಿಂದಿನಿಂದಲೂ ಲೋಹಶಿಲ್ಪಕ್ಕೆ ಹೆಸರಾದದ್ದು. ಪಂಚಲೋಹದ ಮೂರ್ತಿಯನ್ನು ಎರೆಯುವ ಕ್ರಮ ಇದು: ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದುತ್ತಾರೆ; ಅದರ ಮೇಲೆ ನುಣ್ಣನೆಯ ಮಣ್ಣನ್ನು ಪದರ ಪದರವಾಗಿ ಮೆತ್ತಿ ಒಣಗಿಸುತ್ತಾರೆ; ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ; ಬರಿದಾದ ಜಾಗಕ್ಕೆ ಕಾದ ಲೋಹವನ್ನು ಎರೆಯುತ್ತಾರೆ. ಆರಿದ ಮೇಲೆ ಮಣ್ಣನ್ನು ಒಡೆದರೆ ಮೂರ್ತಿ. ಅಚ್ಚಿಗೆ ಕನ್ನಡದಲ್ಲಿ ‘ಕರು’ ಎಂಬ ಹಳೆಯ ಮಾತುಂಟು. ಬಸಿರಿನ ಪಿಂಡಕ್ಕೂ ಹಸುವಿನ ಮರಿಗೂ ಅದೇ ಮಾತು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ನಗರದ ಸುತ್ತಲಿನ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ. ಒಂದು ವಸ್ತುವನ್ನು ಸುತ್ತಲಿಂದಲೂ, ಒಂದರ ಅಂಚು ಇನ್ನೊಂದಕ್ಕೆ ಸೇರುವಂತೆ ಹತ್ತಾರು ಚಿತ್ರ ತೆಗೆದರೆ, ಗಣಕವು ಅವನ್ನೆಲ್ಲ ಹೊಲಿದು, ಬೆರಳಿನಿಂದ ತಿರುಗಿಸಿ ನೋಡಬಹುದಾದ ಆಕಾರವೊಂದನ್ನು ಕಟ್ಟಿಕೊಡುತ್ತದೆ. ಇದನ್ನು ಮಾಡಲು ಸಾಧಾರಣ ಫೋನೂ ಸಾಕಾಗುತ್ತದೆ. ಆ ಆಕಾರಕ್ಕೆ ವಿದ್ಯಾರ್ಥಿಗಳು ಈಗ ‘ಮಾಡೆಲ್’ ಎನ್ನುತ್ತಾರೆ. ಕನ್ನಡದಲ್ಲಿ ಬರೆಯುವವರು ‘ಪ್ರತಿರೂಪ’, ‘ಮಾದರಿ’ ಎಂದು ತಡವರಿಸುತ್ತಾರೆ. ನಾಗಮಂಗಲದ ಎರಕದವರ ನಡುವೆ ಅರ್ಧ ದಿನ ಕುಳಿತೆದ್ದವನಿಗೆ ಕರುವೆಂಬ ಮಾತೇ ಸಾಕೆನಿಸುತ್ತದೆ. ಒಂದೇ ವ್ಯತ್ಯಾಸ: ಎರಕದವರ ಕರು ಒಂದೇ ಮೂರ್ತಿಯನ್ನು ಹೆತ್ತು ಒಡೆದುಹೋಗುತ್ತದೆ, ಗಣಕದ ಕರು ಒಡೆಯುವುದಿಲ್ಲ.